ದೆಹಲಿಯ ಬಿಸಿಲಿಗೆ ನೀರಿನ ಕೂಲರ್ ಬೇಕೇ?

ದೆಹಲಿಯಲ್ಲಿ ‘ಕೂಲರ್’ ಎಂದರೆ ಒಂದೇ ಅರ್ಥ. ಕಿಟಕಿಗೆ ತಗುಲಿಹಾಕಿದ, ಮೂರು ಕಡೆ ಹುಲ್ಲಿನ ಜಾಲರಿ ಇರುವ, ದಿನಕ್ಕೆ ಬಕೆಟ್‌ಗಟ್ಟಲೆ ನೀರು ಕುಡಿಯುವ ತಗಡಿನ ಡಬ್ಬ. ಹದಿನಾಲ್ಕು ವರ್ಷದ ಹಿಂದೆ ಮೈಸೂರಿನಿಂದ ಬಂದು ಇಲ್ಲಿ ಮನೆ ಹೂಡಿದಾಗ ನಾನು ಮೊದಲು ಕೊಂಡದ್ದೂ ಅದನ್ನೇ. ಹಾಗಾಗಿ ಮೂರು ವರ್ಷದ ಹಿಂದೆ ಮಗ, ‘ಅಪ್ಪಾ, ಕೂಲರ್‌ಗೆ ಒಂಬತ್ತು ಸಾವಿರ ಆಗುತ್ತೆ’ ಎಂದಾಗ ನನ್ನ ಹೆಂಡತಿ ಅಡುಗೆಮನೆಯಿಂದಲೇ, ‘ಮನೇಲಿರೋದು ಸಾಲ್ದೇನೋ ನಿಂಗೆ?’ ಎಂದು ಕೇಳಿದಳು. ಅವನು ಕೇಳಿದ್ದು ಕಂಪ್ಯೂಟರಿನ ಕೂಲರ್.

ಒಂಬತ್ತನೇ ತರಗತಿಯ ಪರೀಕ್ಷೆ ಮುಗಿಸಿದ್ದ ಹುಡುಗ. ಗೇಮಿಂಗ್ ಕಂಪ್ಯೂಟರ್ ತಾನೇ ಜೋಡಿಸಬೇಕೆಂಬ ಆಸೆ. ಪ್ರತಿ ಬೇಸಿಗೆಗೆ ಮೈಸೂರಿಗೆ ಹೋದಾಗ ಅಜ್ಜಿ, ಅತ್ತೆ, ಚಿಕ್ಕಪ್ಪ ಕೈಗಿಟ್ಟ ದುಡ್ಡನ್ನೆಲ್ಲ ಕೂಡಿಟ್ಟಿದ್ದ. ಅರ್ಧ ಅವನದು, ಅರ್ಧ ನಮ್ಮದು ಎಂದು ಒಪ್ಪಂದವಾಯಿತು. ಪ್ರೊಸೆಸರ್ ರೈಜನ್ 5600ಎಕ್ಸ್, ಗ್ರಾಫಿಕ್ಸ್ ಕಾರ್ಡ್ ಆರ್‌ಟಿಎಕ್ಸ್ 3060, ಎಲ್ಲವೂ ತೀರ್ಮಾನವಾಯಿತು. ಉಳಿದದ್ದು ಒಂದೇ ಪ್ರಶ್ನೆ: ಪ್ರೊಸೆಸರನ್ನು ತಣ್ಣಗಿಡಲು ಗಾಳಿಯ ಕೂಲರ್ ಹಾಕಿಸುವುದೋ, ನೀರಿನದೋ?

ನಾವು ಗಾಜಿಯಾಬಾದಿನಲ್ಲಿ ಮೇಲಿನ ಮಹಡಿಯಲ್ಲಿದ್ದೇವೆ. ಮೇ ತಿಂಗಳಲ್ಲಿ ರಾತ್ರಿ ಹತ್ತಕ್ಕೂ ಗೋಡೆ ಮುಟ್ಟಿದರೆ ಕೈ ಬಿಸಿಯಾಗುತ್ತದೆ. ಇಂಥ ಊರಿಗೆ ನೀರೇ ಸರಿ ಎಂದು ಅವನಿಗೂ ಅನಿಸಿತ್ತು, ನನಗೂ. ಮಡಕೆಯ ನೀರು ಕುಡಿದು ಬೆಳೆದವರಿಗೆ ನೀರು ಎಂದರೆ ತಂಪು. ನೆಹರೂ ಪ್ಲೇಸ್ ಎಂದರೆ ನಮ್ಮ ಎಸ್.ಪಿ. ರೋಡಿನ ದಿಲ್ಲಿ ಅವತಾರ. ಅಲ್ಲಿನ ಅಂಗಡಿಯವನೂ, ‘ಸರ್‌ಜೀ, ದಿಲ್ಲಿ ಕೀ ಗರ್ಮೀ ಮೇ ಲಿಕ್ವಿಡ್ ಹೀ ಚಲೇಗಾ’ ಎಂದ. ಬಣ್ಣದ ದೀಪ ಮಿನುಗುವ 240 ಮಿಲಿಮೀಟರಿನ ಲಿಕ್ವಿಡ್ ಕೂಲರ್ ಮನೆಗೆ ಬಂತು.

ಎರಡು ಬೇಸಿಗೆ ಚೆನ್ನಾಗಿಯೇ ನಡೆಯಿತು. ಮೂರನೇ ವರ್ಷ ಒಳಗಿನಿಂದ ಆಗಾಗ ಗುಳುಗುಳು ಸದ್ದು ಬರತೊಡಗಿತು. ನಾವು ಗಮನ ಕೊಡಲಿಲ್ಲ. ಕಳೆದ ಮೇ ತಿಂಗಳಲ್ಲಿ, ಮಗನ ಪ್ರವೇಶ ಪರೀಕ್ಷೆಗೆ ಆರು ದಿನ ಇರುವಾಗ, ಆನ್ ಮಾಡಿದ ಸ್ವಲ್ಪ ಹೊತ್ತಿಗೇ ಪ್ರೊಸೆಸರ್ 95 ಡಿಗ್ರಿ ಮುಟ್ಟಿ ಯಂತ್ರ ತಾನಾಗಿ ಆಫ್ ಆಯಿತು. ಫ್ಯಾನುಗಳು ತಿರುಗುತ್ತಿದ್ದವು, ದೀಪ ಮಿನುಗುತ್ತಿತ್ತು. ನೀರು ತಿರುಗಿಸುವ ಪುಟ್ಟ ಪಂಪ್ ಮಾತ್ರ ನಿಂತಿತ್ತು. ಅವನ ಅಣಕು ಪರೀಕ್ಷೆಗಳೆಲ್ಲ ಅದೇ ಯಂತ್ರದಲ್ಲಿ. ವಾರಂಟಿ ಮುಗಿದು ಎರಡು ತಿಂಗಳಾಗಿತ್ತು. ಅಂಗಡಿಯಲ್ಲಿ ಕೇಳಿದರೆ, ಇದನ್ನು ಬಿಚ್ಚಿ ರಿಪೇರಿ ಮಾಡಲು ಬರುವುದಿಲ್ಲ, ಇಡೀ ಸೆಟ್ಟೇ ಹೊಸದು ಹಾಕಿಸಿ ಎಂದರು. ಅಂದು ರಾತ್ರಿ ಅಪ್ಪ ಮಗ ಕೂತು, ಮೂರು ವರ್ಷದ ಹಿಂದೆ ಮಾಡಬೇಕಿದ್ದ ಲೆಕ್ಕವನ್ನು ಮಾಡಿದೆವು.

ಲೆಕ್ಕದ ಮೊದಲ ಪಾಠವೇ ನನ್ನ ಮಡಕೆಯ ನಂಬಿಕೆಯನ್ನು ಒಡೆಯಿತು. ಮಡಕೆಯ ನೀರು ತಣ್ಣಗಾಗುವುದು ಅದರ ಮೈಯಿಂದ ನೀರು ಆವಿಯಾಗುವುದರಿಂದ. ಕಿಟಕಿಯ ಕೂಲರಿನ ಕೆಲಸವೂ ಅದೇ. ಅದಕ್ಕೇ ಮೇ ತಿಂಗಳ ಒಣ ಲೂ ಗಾಳಿಯಲ್ಲಿ ಅದು ಸ್ವರ್ಗ, ಜುಲೈ ಮಳೆಗಾಲ ಬಂದೊಡನೆ ಬರೀ ಅಂಟಂಟು. ಕಂಪ್ಯೂಟರಿನ ಲಿಕ್ವಿಡ್ ಕೂಲರಿನಲ್ಲಿ ನೀರು ಆವಿಯಾಗುವುದೇ ಇಲ್ಲ. ಮುಚ್ಚಿದ ಕೊಳವೆಯಲ್ಲಿ ಸುತ್ತುತ್ತಾ, ಪ್ರೊಸೆಸರಿನ ಶಾಖವನ್ನು ಹೊತ್ತು ರೇಡಿಯೇಟರಿಗೆ ಮುಟ್ಟಿಸುತ್ತದೆ, ಅಷ್ಟೇ. ರೇಡಿಯೇಟರಿನ ಶಾಖವನ್ನು ಕೊನೆಗೆ ಊದಿ ಹೊರಹಾಕುವುದು ಫ್ಯಾನು, ಅಂದರೆ ಕೋಣೆಯ ಗಾಳಿ. ಗಾಳಿಯ ಕೂಲರಿನಲ್ಲಿ ಇದೇ ಶಾಖ ತಾಮ್ರದ ಕೊಳವೆಗಳ ಮೂಲಕ ಲೋಹದ ರೆಕ್ಕೆಗಳಿಗೆ ಹೋಗುತ್ತದೆ, ಅಲ್ಲಿಂದ ಅದೇ ಗಾಳಿಗೆ. ದಾರಿ ಬೇರೆ, ಸೇರುವ ಕಡಲು ಒಂದೇ.

ನಮ್ಮ ಮೈಸೂರಿನವರಿಗೆ ಇದನ್ನು ಹೇಳುವುದು ಸುಲಭ. ಯಾದವಗಿರಿಯ ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ 1996ರವರೆಗೆ ತಯಾರಾದ ಜಾವಾ, ಯೆಜ್ಡಿ ಗಾಡಿಗಳ ಎಂಜಿನ್ನಿಗೆ ಒಂದು ಹನಿ ನೀರು ಬೇಕಿರಲಿಲ್ಲ. ಸಿಲಿಂಡರಿನ ಸುತ್ತ ಇದ್ದ ಲೋಹದ ರೆಕ್ಕೆಗಳಿಗೆ ಗಾಳಿ ತಾಗಿದರೆ ಸಾಕಿತ್ತು. ನಮ್ಮಪ್ಪನ ಯೆಜ್ಡಿ ಚಾಮುಂಡಿ ಬೆಟ್ಟ ಹತ್ತಿದ್ದು ಹಾಗೆಯೇ. ಆದರೆ ಐವತ್ತು ಜನರನ್ನು ತುಂಬಿಕೊಂಡು ಘಾಟಿ ಹತ್ತುವ ಬಸ್ಸಿಗೆ ರೇಡಿಯೇಟರ್ ಬೇಕೇ ಬೇಕು. ಅಂದರೆ ನೀರು ಬೇಕೋ ಬೇಡವೋ ಎಂದು ಹೇಳಬೇಕಾದದ್ದು ಹೊರಗಿನ ಬಿಸಿಲಲ್ಲ, ಎಂಜಿನ್ ಎಷ್ಟು ಶಾಖ ಹುಟ್ಟಿಸುತ್ತದೆ ಎಂಬುದು. ನಾವು ಯೆಜ್ಡಿಗೆ ಬಸ್ಸಿನ ರೇಡಿಯೇಟರ್ ಕಟ್ಟಿಸಿದ್ದೆವು.

ನಮ್ಮ ಪ್ರೊಸೆಸರ್ ಕಂಪನಿಯ ಲೆಕ್ಕದಲ್ಲಿ 65 ವಾಟಿನದು. ಗೇಮಿಂಗಿಗೆ ಹೆಸರಾದ ರೈಜನ್ 7 7800ಎಕ್ಸ್3ಡಿ ಕೂಡ 120 ವಾಟಿನದೆಂದು ಬರೆದುಕೊಂಡಿದ್ದರೂ ಆಟದ ವೇಳೆ ಅದಕ್ಕಿಂತ ಎಷ್ಟೋ ಕಡಿಮೆ ಎಳೆಯುತ್ತದೆ. ಆಟವಾಡುವಾಗ ಡಬ್ಬದೊಳಗೆ ಅತಿ ಹೆಚ್ಚು ಶಾಖ ಹುಟ್ಟಿಸುವುದು ಗ್ರಾಫಿಕ್ಸ್ ಕಾರ್ಡ್. ನಮ್ಮ 3060 ಒಂದೇ 170 ವಾಟ್. ಅದಕ್ಕೆ ಅದರದೇ ಫ್ಯಾನುಗಳಿವೆ, ನಾವು ಒಂಬತ್ತು ಸಾವಿರ ಸುರಿದ ನೀರಿನ ಕೂಲರ್ ಅದನ್ನು ಮುಟ್ಟುವುದೂ ಇಲ್ಲ. ಎರಡರಲ್ಲಿ ಸಣ್ಣ ಒಲೆಯನ್ನು ಆರಿಸಲು ದೊಡ್ಡ ಖರ್ಚು ಮಾಡಿದಂತಾಯಿತು.

ಹಾಗಾದರೆ ದೆಹಲಿಯ ಬಿಸಿಲಿಗೆ ಲೆಕ್ಕವೇ ಇಲ್ಲವೇ? ಖಂಡಿತ ಇದೆ. 2024ರ ಮೇ 29ರಂದು ಸಫ್ದರ್‌ಜಂಗ್ ಕೇಂದ್ರದಲ್ಲಿ 46.8 ಡಿಗ್ರಿ ದಾಖಲಾಗಿತ್ತು. ಆದರೆ ಗಾಳಿಯದಾಗಲಿ ನೀರಿನದಾಗಲಿ, ಯಾವ ಕೂಲರೂ ಪ್ರೊಸೆಸರನ್ನು ಕೋಣೆಯ ಗಾಳಿಗಿಂತ ತಣ್ಣಗೆ ಮಾಡಲಾರದು. ಕೋಣೆ ಹತ್ತು ಡಿಗ್ರಿ ಏರಿದರೆ ಪ್ರೊಸೆಸರೂ ಹೆಚ್ಚುಕಡಿಮೆ ಹತ್ತು ಡಿಗ್ರಿ ಏರುತ್ತದೆ, ಕೂಲರ್ ಯಾವುದಿದ್ದರೂ. ದೆಹಲಿಯ ಬಿಸಿಲು ನೀರಿನ ಪರವಾಗಿ ಹೇಳುವ ವಾದವಲ್ಲ. ಕೋಣೆಯನ್ನು ನೋಡಿಕೊಳ್ಳಿ ಎಂದು ಹೇಳುವ ವಾದ.

ದೆಹಲಿಯ ಇನ್ನೊಂದು ಶತ್ರು ಧೂಳು. ಬೇಸಿಗೆಯಲ್ಲಿ ಆಂಧಿ, ವರ್ಷವಿಡೀ ಪಕ್ಕದ ಕಟ್ಟಡದ ಸಿಮೆಂಟು, ನವೆಂಬರಿನಲ್ಲಿ ಹೊಗೆಮಂಜು. ಎರಡು ತಿಂಗಳು ಬಿಟ್ಟರೆ ಯಾವ ಕೂಲರಾದರೂ ಕಂಬಳಿ ಹೊದ್ದಂತಾಗುತ್ತದೆ. ಗಾಳಿಯ ಕೂಲರಿನ ಫ್ಯಾನನ್ನು ಕ್ಲಿಪ್ ತೆಗೆದು ಬಿಡಿಸಿ, ಪೇಂಟಿನ ಬ್ರಷ್ಷಿನಲ್ಲಿ ಹತ್ತು ನಿಮಿಷದಲ್ಲಿ ಉಜ್ಜಬಹುದು. ರೇಡಿಯೇಟರಿನ ಸಂದು ಬಲು ಸಣ್ಣದು, ಅದರ ಮೇಲೆ ಫ್ಯಾನು, ಫ್ಯಾನಿಗೆ ಎಂಟು ಸ್ಕ್ರೂ. ನಾವು ಮೂರು ವರ್ಷದಲ್ಲಿ ಎಷ್ಟು ಸಲ ಬಿಚ್ಚಿದೆವು? ನಿಜ ಹೇಳಬೇಕೆಂದರೆ ಎರಡು ಸಲ.

ಕೆಟ್ಟಾಗ ಏನಾಗುತ್ತದೆ ಎಂಬುದು ನನ್ನ ಮಟ್ಟಿಗೆ ಎಲ್ಲಕ್ಕಿಂತ ದೊಡ್ಡ ಪ್ರಶ್ನೆ. ಗಾಳಿಯ ಕೂಲರಿನಲ್ಲಿ ಕೆಡುವ ಭಾಗ ಫ್ಯಾನು ಒಂದೇ. ಕೆಟ್ಟರೆ ಹತ್ತಿರದ ಯಾವ ಅಂಗಡಿಯಿಂದಲಾದರೂ ತಂದು ಸಿಕ್ಕಿಸಬಹುದು, ಲೋಹದ ಗೋಪುರ ಹಾಗೆಯೇ ಇರುತ್ತದೆ. ಲಿಕ್ವಿಡ್ ಕೂಲರಿನಲ್ಲಿ ಫ್ಯಾನಿನ ಜೊತೆಗೆ ಪಂಪ್ ಇದೆ, ಕೊಳವೆ ಇದೆ, ಒಳಗಿನ ದ್ರವವಿದೆ. ಸೋರುವುದು ಅಪರೂಪ, ಆದರೆ ಕೊಳವೆಯ ಗೋಡೆಯಿಂದ ದ್ರವ ವರ್ಷಗಟ್ಟಲೆ ಬಲು ನಿಧಾನವಾಗಿ ಆವಿಯಾಗುತ್ತದೆ. ಆ ಜಾಗದಲ್ಲಿ ಗಾಳಿಗುಳ್ಳೆ ಸೇರುತ್ತದೆ. ರೇಡಿಯೇಟರಿನ ತಲೆ ಪಂಪಿಗಿಂತ ಎತ್ತರದಲ್ಲಿದ್ದರೆ ಗುಳ್ಳೆ ಅಲ್ಲಿ ನಿಲ್ಲುತ್ತದೆ. ಕೆಳಗಿದ್ದರೆ ಬಂದು ಪಂಪಿನಲ್ಲೇ ಕೂರುತ್ತದೆ. ನಮ್ಮಲ್ಲಿ ರೇಡಿಯೇಟರನ್ನು ಮುಂಭಾಗದಲ್ಲಿ, ಪಂಪಿಗಿಂತ ತಗ್ಗಿನಲ್ಲಿ ಕೂರಿಸಲಾಗಿತ್ತು. ಆ ಗುಳುಗುಳು ಸದ್ದಿನ ಅರ್ಥ ಪಂಪ್ ನಿಂತ ಮೇಲೆ ಗೊತ್ತಾಯಿತು.

ಇಷ್ಟು ಹೇಳಿ, ನೀರಿನ ಪರವಾಗಿಯೂ ನ್ಯಾಯವಾಗಿ ಹೇಳಬೇಕು. ಇಂಟೆಲ್ ಕೋರ್ ಐ9-14900ಕೆ ಥರದ, 253 ವಾಟಿನವರೆಗೆ ಎಳೆಯುವ ಪ್ರೊಸೆಸರಿನಲ್ಲಿ ಗಂಟೆಗಟ್ಟಲೆ ವಿಡಿಯೋ ಎಡಿಟಿಂಗ್, ರೆಂಡರಿಂಗ್ ಮಾಡುವವರಿಗೆ ದೊಡ್ಡ 360 ಮಿಲಿಮೀಟರಿನ ಲಿಕ್ವಿಡ್ ಕೂಲರೇ ಸರಿ. ಅವರದು ಘಾಟಿ ಹತ್ತುವ ಬಸ್ಸು. ಎತ್ತರದ ಗೋಪುರ ಹಿಡಿಸದ ಪುಟ್ಟ ಡಬ್ಬ ಇಷ್ಟಪಡುವವರಿಗೂ ಅದು ಅನುಕೂಲ. ನೀರು ಬಿಸಿಯಾಗಲು ಹೊತ್ತು ಹಿಡಿಯುವುದರಿಂದ ಫ್ಯಾನು ಪದೇ ಪದೇ ಕಿರುಚುವುದಿಲ್ಲ. ನೋಡಲು ಚೆಂದ ಎಂಬುದೂ ಕಾರಣವೇ. ಹದಿನೈದರ ಹುಡುಗನ ಆಸೆಯನ್ನು ಬರೀ ವಾಟಿನಲ್ಲಿ ಅಳೆಯಲಾಗದು. ಹಾಕಿಸುವುದಾದರೆ ಐದು ವರ್ಷಕ್ಕೆ ಕಡಿಮೆಯಿಲ್ಲದ ವಾರಂಟಿ ಇರಲಿ, ರೇಡಿಯೇಟರ್ ಮೇಲ್ಭಾಗದಲ್ಲಿ ಕೂರಲಿ.

ನಮ್ಮಂಥ ಹೊರನಾಡಿನವರು ಸಾಗಾಟದ ಲೆಕ್ಕವನ್ನೂ ಹಾಕಬೇಕು. ಹನ್ನೊಂದು ತಿಂಗಳ ಕರಾರಿನ ಬಾಡಿಗೆ ಮನೆ, ನೋಯ್ಡಾದಿಂದ ಗುರುಗ್ರಾಮಕ್ಕೆ, ಅಲ್ಲಿಂದ ಪುಣೆಗೋ ಹೈದರಾಬಾದಿಗೋ ವರ್ಗ. ಇಲ್ಲಿ ಗಾಳಿಯ ಕೂಲರಿಗೂ ಒಂದು ದೋಷವಿದೆ. ನಾಕ್ಟುವಾ ಎನ್‌ಎಚ್-ಡಿ15ನಂಥ ದೊಡ್ಡ ಗೋಪುರ ಫ್ಯಾನು ಸೇರಿ 1.3 ಕಿಲೋ ತೂಗುತ್ತದೆ. ಅದು ಮದರ್‌ಬೋರ್ಡಿಗೆ ಜೋತುಬಿದ್ದಿರುವಾಗ ಲಾರಿ ಗುಂಡಿಗೆ ಬಿದ್ದರೆ ಬೋರ್ಡಿಗೇ ಪೆಟ್ಟು. ಆದ್ದರಿಂದ ಸಾಗಿಸುವ ಮುನ್ನ ಅದನ್ನು ಬಿಚ್ಚಿ ಬೇರೆ ಕಟ್ಟಬೇಕು. ಬಿಚ್ಚುವುದು ಕೆಲವೇ ಸ್ಕ್ರೂಗಳ ಕೆಲಸ. ಮತ್ತೆ ಕೂರಿಸುವಾಗ ಹೊಸದಾಗಿ ಥರ್ಮಲ್ ಪೇಸ್ಟ್ ಹಚ್ಚಬೇಕು, ಅಷ್ಟೇ.

ಕೊನೆಗೆ ನಾವು 2,800 ರೂಪಾಯಿಯ ಮಧ್ಯಮ ಗಾತ್ರದ ಗಾಳಿಯ ಕೂಲರ್ ತಂದೆವು. ಮಗ ರಾತ್ರಿ ಹನ್ನೊಂದಕ್ಕೆ ಕೂತು ಒಂದು ಗಂಟೆಯೊಳಗೆ ತಾನೇ ಕೂರಿಸಿದ. ಮರುದಿನದ ಅಣಕು ಪರೀಕ್ಷೆ ತಪ್ಪಲಿಲ್ಲ. ಆಮೇಲೆ ಆಟ ಹಾಕಿ ನೋಡಿದಾಗ, ಕೋಣೆ 34 ಡಿಗ್ರಿ ಇದ್ದರೆ ಪ್ರೊಸೆಸರ್ 78. ಹಳೆಯದು ಹೊಸತಾಗಿದ್ದಾಗ 74 ತೋರಿಸುತ್ತಿತ್ತು. ಮಿತಿ 95 ಇರುವಾಗ ಆ ನಾಲ್ಕು ಡಿಗ್ರಿಗೆ ನಾನು ಕೊಟ್ಟದ್ದು ಆರು ಸಾವಿರಕ್ಕೂ ಹೆಚ್ಚು, ಅದರಲ್ಲಿ ಅರ್ಧ ಅಜ್ಜಿಯ ದುಡ್ಡು.

ಮಿಕ್ಕ ಹಣದಲ್ಲಿ ಎಸಿ ಸರ್ವಿಸ್ ಮಾಡಿಸಿದೆವು, ಕಿಟಕಿಗೆ ದಪ್ಪ ಪರದೆ ಹಾಕಿಸಿದೆವು. ಯಾಕೆಂದರೆ ಆಟವಾಡುವಾಗ ಯಂತ್ರ ಎಳೆಯುವ ಸುಮಾರು 300 ವಾಟ್ ವಿದ್ಯುತ್ತೂ ಶಾಖವಾಗಿ ಕೋಣೆಗೇ ಬರುತ್ತದೆ. ಸುಮ್ಮನೆ ಕೂತ ಮನುಷ್ಯನ ಮೈ ಬಿಡುವುದು 100 ವಾಟಿನಷ್ಟು. ಅಂದರೆ ಬಾಗಿಲು ಮುಚ್ಚಿದ ಮೇ ತಿಂಗಳ ಕೋಣೆಯಲ್ಲಿ ಮಗನ ಜೊತೆ ಇನ್ನೂ ಮೂವರು ಕೂತಂತೆ. ಮೂರು ವರ್ಷ ನಾವು ಪ್ರೊಸೆಸರಿನ ಡಿಗ್ರಿಯನ್ನು ದಿನವೂ ನೋಡಿದೆವು. ಅದರ ಮುಂದೆ ಬೆವರುತ್ತಾ ಕೂತ ಹುಡುಗನ ಕೋಣೆ ಎಷ್ಟು ಡಿಗ್ರಿ ಎಂದು ಒಮ್ಮೆಯೂ ಅಳೆದಿರಲಿಲ್ಲ. ಕಳೆದ ಮೇ ತಿಂಗಳಲ್ಲಿ ಅಳೆದಾಗ ಮಧ್ಯಾಹ್ನ 39 ಇತ್ತು.

ಹೊರನಾಡಿನಲ್ಲಿ ಮಕ್ಕಳಿಗೆ ಇಂಥ ಯಂತ್ರ ಕೊಡಿಸಲು ಹೊರಟವರಿಗೆ ನನ್ನ ಸಲಹೆ ಇಷ್ಟೇ. ಪ್ರೊಸೆಸರ್ ಎಷ್ಟು ವಾಟಿನದು ಎಂದು ಮೊದಲು ಕೇಳಿ. ಕೆಟ್ಟರೆ ನಿಮ್ಮ ಕೈಯಲ್ಲೇ ಸರಿಪಡಿಸಬಹುದೇ ಎಂದು ಕೇಳಿ. ಕೋಣೆಯ ಉಷ್ಣಾಂಶವನ್ನು ಒಮ್ಮೆ ಅಳೆಯಿರಿ. ಹತ್ತರಲ್ಲಿ ಎಂಟು ಮನೆಗಳಿಗೆ ಗಾಳಿಯ ಕೂಲರೇ ಸಾಕು ಎಂಬುದು ನನ್ನ ಅಭಿಪ್ರಾಯ.

ಮಗನಿಗೆ ಮೈಸೂರಿನಲ್ಲೇ ಎಂಜಿನಿಯರಿಂಗ್ ಸೀಟು ಸಿಕ್ಕಿದೆ. ಮುಂದಿನ ತಿಂಗಳು ಕರ್ನಾಟಕ ಎಕ್ಸ್‌ಪ್ರೆಸ್ಸಿನಲ್ಲಿ ಹೊರಡುತ್ತಾನೆ, ಯಂತ್ರವೂ ಜೊತೆಗೆ. ಕೂಲರನ್ನು ಬಿಚ್ಚಿ, ಹಳೆಯ ಟವೆಲ್ಲಿನಲ್ಲಿ ಸುತ್ತಿ ಬೇರೆ ಇಡುತ್ತೇನೆ ಎಂದು ಅವನೇ ಹೇಳಿದ. ಊರೂರು ತಿರುಗುವವರ ಸಾಮಾನು ಹೀಗಿರಬೇಕು, ಬಿಚ್ಚುವುದೂ ಕಟ್ಟುವುದೂ ನಮ್ಮ ಕೈಯಲ್ಲೇ ಆಗಬೇಕು.