ಶೌರ್ಯವೂ ಅರ್ಜಿ ಹಾಕಿಕೊಳ್ಳಬೇಕೆ?

ಅಮೆರಿಕದ ಸೈನ್ಯ ತನ್ನ ಸೇವೆಯಿಂದ ಬಿಡುಗಡೆಯಾಗುವ ಸೈನಿಕನ ಕೈಗೆ ಒಂದು ಕಾಗದ ಕೊಟ್ಟು ಮನೆಗೆ ಕಳಿಸುತ್ತದೆ. 1950ರಿಂದ ಬಳಕೆಯಲ್ಲಿರುವ ಆ ಕಾಗದದ ಹೆಸರು ಡಿಡಿ 214. ಯಾವಾಗ ಸೇರಿದ, ಯಾವಾಗ ಬಿಟ್ಟ, ಯಾವ ದರ್ಜೆಯಲ್ಲಿದ್ದ, ಯಾವ ಪದಕಗಳನ್ನು ಪಡೆದ ಎಂಬುದೆಲ್ಲ ಅದರ ಚಿಕ್ಕ ಚಿಕ್ಕ ಮನೆಗಳಲ್ಲಿ ತುಂಬಿರುತ್ತದೆ. ಆಸ್ಪತ್ರೆಯ ಸೌಲಭ್ಯಕ್ಕೂ ಅದೇ, ಮನೆ ಸಾಲಕ್ಕೂ ಅದೇ, ಸತ್ತಮೇಲೆ ರಾಷ್ಟ್ರೀಯ ಸ್ಮಶಾನದಲ್ಲಿ ಆರಡಿ ಜಾಗ ಕೇಳುವುದಕ್ಕೂ ಅದೇ. ಹೀಗಾಗಿ ಆ ಕಾಗದದಲ್ಲಿ ಬರೆದದ್ದು ಮಾತ್ರ ಸರಕಾರದ ಪಾಲಿಗೆ ನಡೆದದ್ದು. ಬರೆಯದೆ ಬಿಟ್ಟದ್ದು ನಡೆದೇ ಇಲ್ಲ. ಮೈಮೇಲೆ ಗುಂಡಿನ ಕಲೆ ಇದ್ದರೂ ಇಲ್ಲ.

ಬರೆಯುವವನು ಗುಮಾಸ್ತ. ಯುದ್ಧಭೂಮಿಯಿಂದ ಸಾವಿರಾರು ಮೈಲಿ ದೂರದ ಮೇಜಿನ ಮುಂದೆ ಕೂತವನು. ಅವನು ಒಂದು ಸಾಲು ಬಿಟ್ಟರೆ ಒಬ್ಬನ ಶೌರ್ಯವೇ ಬಿಟ್ಟುಹೋಗುತ್ತದೆ. ತಪ್ಪು ಯಾವ ಕಚೇರಿಯಲ್ಲಾದರೂ ಆಗುತ್ತದೆ. ಪಹಣಿಯಲ್ಲಿ ಅಪ್ಪನ ಹೆಸರು ತಪ್ಪಾಗಿ ತಾಲೂಕು ಕಚೇರಿಗೆ ವರ್ಷಗಟ್ಟಲೆ ಅಲೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ನನ್ನ ತಕರಾರು ಇರುವುದು ತಪ್ಪಿನ ಬಗ್ಗೆ ಅಲ್ಲ. ತಪ್ಪನ್ನು ತಿದ್ದುವ ಹೊರೆಯನ್ನು ಯಾರ ಹೆಗಲಿಗೆ ಹಾಕಲಾಗಿದೆ ಎಂಬುದರ ಬಗ್ಗೆ.

ಅಮೆರಿಕದಲ್ಲಿ ಆ ಹೊರೆ ಇರುವುದು ಸೈನಿಕನ ಮೇಲೆ. ಬಿಟ್ಟುಹೋದ ಪದಕ ಸೇರಬೇಕಾದರೆ ಅವನೇ ಅರ್ಜಿ ಬರೆಯಬೇಕು. ತಪ್ಪು ಮೇಲ್ನೋಟಕ್ಕೆ ಕಾಣುವಂತಿದ್ದರೆ ಡಿಡಿ 215 ಎಂಬ ಇನ್ನೊಂದು ಕಾಗದ ಹೊರಡಿಸಿ ತಿದ್ದುತ್ತಾರೆ. ಇಲ್ಲವಾದರೆ ಡಿಡಿ 149 ಎಂಬ ನಮೂನೆ ತುಂಬಿ ದಾಖಲೆ ತಿದ್ದುಪಡಿ ಮಂಡಳಿಯ ಮುಂದೆ ನಿಲ್ಲಬೇಕು. 1946ರ ಒಂದು ಕಾನೂನಿನಿಂದ ಹುಟ್ಟಿದ ಈ ಮಂಡಳಿಗಳಲ್ಲಿ ಕೂರುವವರು ನಾಗರಿಕ ಅಧಿಕಾರಿಗಳು. ತಪ್ಪು ಗೊತ್ತಾದ ಮೂರು ವರ್ಷದೊಳಗೆ ಅರ್ಜಿ ಬರಬೇಕೆಂಬುದು ನಿಯಮ. ನ್ಯಾಯದ ದೃಷ್ಟಿಯಿಂದ ವಿಳಂಬವನ್ನು ಮನ್ನಿಸುವ ಅಧಿಕಾರ ಮಂಡಳಿಗೆ ಇದೆ. ಆದರೆ ಅಲ್ಲಿಯೂ ಅದು ಮನ್ನಣೆಯೇ ಹೊರತು ಹಕ್ಕಲ್ಲ.

ಇದಕ್ಕಿಂತ ದೊಡ್ಡ ಗೋಡೆ ಇನ್ನೊಂದಿದೆ. ಮಂಡಳಿ ತನ್ನ ಕೆಲಸ ಶುರುಮಾಡುವುದೇ ಒಂದು ಊಹೆಯಿಂದ. ಸರಕಾರದ ಅಧಿಕಾರಿಗಳು ತಮ್ಮ ಕರ್ತವ್ಯವನ್ನು ಕ್ರಮಬದ್ಧವಾಗಿಯೇ ಮಾಡಿದ್ದಾರೆ ಎಂಬುದೇ ಆ ಊಹೆ. ಹಾಗಾಗಿಲ್ಲ ಎನ್ನುವವನು ಪುರಾವೆ ತರಬೇಕು. ಹಳೆಯ ಆದೇಶದ ಪ್ರತಿ, ಆಸ್ಪತ್ರೆಯ ಚೀಟಿ, ತುಕಡಿಯ ದೈನಂದಿನ ವರದಿ, ಜೊತೆಗಿದ್ದವನ ಹೇಳಿಕೆ ಇವೆಲ್ಲ ಬೇಕು. ಎಂಬತ್ತು ವರ್ಷದ ಮುದುಕ ಎಲ್ಲಿಂದ ತರಬೇಕು? ಜೊತೆಗಿದ್ದವರಲ್ಲಿ ಕೆಲವರು ಅಲ್ಲೇ ಸತ್ತಿದ್ದಾರೆ. ಉಳಿದವರು ಆಮೇಲೆ ಸತ್ತಿದ್ದಾರೆ. ಕಾಗದವಿದ್ದ ಕಪಾಟು ಸರಕಾರದ್ದು, ಅದರ ಬೀಗದ ಕೈ ಸರಕಾರದ್ದು. ಕಪಾಟಿನೊಳಗೆ ಏನಿತ್ತೆಂದು ಹೊರಗೆ ನಿಂತವನು ಸಾಬೀತು ಮಾಡಬೇಕು!

ಆ ಕಪಾಟಿನ ಗತಿ ಏನಾಯಿತೆಂಬುದನ್ನೂ ನೋಡೋಣ. 1973ರ ಜುಲೈ 12ರಂದು ಮಿಸ್ಸೌರಿ ರಾಜ್ಯದ ಸೇಂಟ್ ಲೂಯಿಸ್ ಬಳಿಯ ರಾಷ್ಟ್ರೀಯ ಸಿಬ್ಬಂದಿ ದಾಖಲೆ ಕೇಂದ್ರದ ಆರನೇ ಮಹಡಿಗೆ ಬೆಂಕಿ ಬಿತ್ತು. 1.6 ಕೋಟಿಯಿಂದ 1.8 ಕೋಟಿ ಸೈನಿಕರ ಕಡತಗಳು ಬೂದಿಯಾದವು. 1912ರಿಂದ 1960ರ ನಡುವೆ ಭೂಸೇನೆಯಿಂದ ಬಿಡುಗಡೆಯಾದವರ ದಾಖಲೆಗಳಲ್ಲಿ ನೂರಕ್ಕೆ 80 ಪಾಲು ಹೋಯಿತು. ಎರಡೂ ಮಹಾಯುದ್ಧಗಳ, ಕೊರಿಯಾ ಯುದ್ಧದ ಸೈನಿಕರೆಲ್ಲ ಈ ಲೆಕ್ಕದಲ್ಲೇ ಬರುತ್ತಾರೆ. ವಾಯುಸೇನೆಯವರದ್ದು ಇನ್ನೂ ವಿಚಿತ್ರ. ಅಕ್ಷರಮಾಲೆಯಲ್ಲಿ ಹಬ್ಬರ್ಡ್ ಎಂಬ ಹೆಸರಿನಿಂದ ಮುಂದಕ್ಕೆ ಬರುವವರ ಕಡತಗಳು ಬೆಂಕಿಗೆ ಸಿಕ್ಕವು, ಅದಕ್ಕಿಂತ ಹಿಂದಿನವು ಪಾರಾದವು. ಮನೆತನದ ಹೆಸರಿನ ಮೊದಲಕ್ಷರ ಒಬ್ಬನ ಸೇವೆಯ ಹಣೆಬರಹ ಬರೆಯಿತು. ಆ ಕಡತಗಳಿಗೆ ಇನ್ನೊಂದು ಪ್ರತಿ ಇರಲಿಲ್ಲ, ಮೈಕ್ರೋಫಿಲ್ಮ್ ಇರಲಿಲ್ಲ, ಒಳಗೆ ಯಾರ್‍ಯಾರ ಕಡತ ಇತ್ತೆಂಬ ಸೂಚಿಯೂ ಇರಲಿಲ್ಲ. ಆಗಲೇ ಚಂದ್ರನ ಮೇಲೆ ಮನುಷ್ಯರನ್ನು ಇಳಿಸಿ ಬಂದಿದ್ದ ದೇಶ ಅದು.

ಬೆಂಕಿಯಿಂದ ಸುಮಾರು 65 ಲಕ್ಷ ಸುಟ್ಟ, ನೆನೆದ ಕಡತಗಳನ್ನು ಹೊರತೆಗೆದರು. ಇಂದಿಗೂ ಅವನ್ನು ಜೋಪಾನವಾಗಿ ಬಿಡಿಸಿ ಓದುವ ನೌಕರರು ಅಲ್ಲಿದ್ದಾರೆ. ಅವರ ಶ್ರಮಕ್ಕೆ ನಾನು ತಲೆಬಾಗುತ್ತೇನೆ. ಪೂರ್ತಿ ಕಳೆದುಕೊಂಡವರ ಸೇವೆಯನ್ನು ಬೇರೆ ಕಡೆಯ ಕಾಗದಗಳಿಂದ ಮತ್ತೆ ಕಟ್ಟುತ್ತಾರೆ. ಅದರಲ್ಲಿ ಮುಖ್ಯವಾದದ್ದು ಕೊನೆಯ ಸಂಬಳದ ಚೀಟಿ. ಸಂಬಳದ ಲೆಕ್ಕ ಬೇರೆ ಇಲಾಖೆಯಲ್ಲಿ ಭದ್ರವಾಗಿತ್ತು. ಪ್ರಭುತ್ವ ಯಾವುದನ್ನು ಎರಡು ಕಡೆ ಬರೆದಿಡುತ್ತದೆ, ಯಾವುದನ್ನು ಒಂದೇ ಕಡೆ ಬರೆದು ಮರೆಯುತ್ತದೆ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಈ ಬೆಂಕಿಯ ಮುಂದೆ ಆ ಊಹೆಯನ್ನು ಇಟ್ಟು ನೋಡಿ. ಕೋಟಿಗಟ್ಟಲೆ ಕಡತಗಳನ್ನು ಪ್ರತಿಯಿಲ್ಲದೆ ಇಟ್ಟು ಸುಟ್ಟುಕೊಂಡ ಆಡಳಿತ, ತನ್ನ ಕೆಲಸ ಕ್ರಮಬದ್ಧವಾಗಿತ್ತೆಂದು ಮೊದಲು ಒಪ್ಪಿಕೊಂಡು ಆಮೇಲೆ ಸೈನಿಕನ ಮಾತು ಕೇಳುತ್ತೇನೆ ಎನ್ನುವುದು ಎಂಥ ನ್ಯಾಯ?

ಎಲ್ಲ ಕಾಗದವೂ ಬೆಂಕಿಯಲ್ಲೇ ಹೋಗಲಿಲ್ಲ ಎಂಬುದು ಇನ್ನೂ ಕಹಿಯಾದ ಸತ್ಯ. ಪ್ಯಾರಿಸ್ ಡೇವಿಸ್ ಎಂಬ ಕರಿಯ ಕ್ಯಾಪ್ಟನ್ 1965ರ ಜೂನ್‌ನಲ್ಲಿ ವಿಯೆಟ್ನಾಮಿನ ಬಾಂಗ್ ಸನ್ ಬಳಿ ಹೋರಾಡಿದ. ತಾನೇ ಗಾಯಗೊಂಡಿದ್ದರೂ, ಹಿಂದಕ್ಕೆ ಬಾ ಎಂಬ ಆದೇಶ ಬಂದರೂ, ಬಿದ್ದಿದ್ದ ಸಂಗಾತಿಗಳನ್ನು ಬಿಟ್ಟು ಬರಲು ಒಪ್ಪಲಿಲ್ಲ. ಅವರನ್ನು ಎಳೆದು ತಂದ. ಅತ್ಯುನ್ನತ ಪದಕವಾದ ಮೆಡಲ್ ಆಫ್ ಆನರ್‌ಗೆ ಅವನ ಮೇಲಧಿಕಾರಿ ಶಿಫಾರಸು ಮಾಡಿದ. ಶಿಫಾರಸು ಕಾಣೆಯಾಯಿತು. 1969ರಲ್ಲಿ ವಿಚಾರಿಸಿದಾಗ ಅಂಥ ಕಡತವೇ ಇಲ್ಲವೆಂಬ ಉತ್ತರ ಬಂತು. ಮತ್ತೆ ಕಳಿಸಲು ಹೇಳಿದರು. ಅದೂ ಕಾಣೆಯಾಯಿತು. ಕೊನೆಗೆ ಹಳೆಯ ಸಂಗಾತಿಗಳೂ ಕೆಲವು ಸ್ವಯಂಸೇವಕರೂ ಸೇರಿ ಕಡತವನ್ನು ಬುಡದಿಂದ ಮತ್ತೆ ಕಟ್ಟಿದರು. 2023ರ ಮಾರ್ಚ್ 3ರಂದು ಅಧ್ಯಕ್ಷ ಬೈಡನ್ ಆ ಪದಕವನ್ನು ಅವನ ಕೊರಳಿಗೆ ಹಾಕಿದಾಗ ಅವನಿಗೆ 83 ವರ್ಷ. ಒಮ್ಮೆ ಕಳೆದರೆ ಅದು ಅಜಾಗರೂಕತೆ. ಎರಡು ಸಲ ಕಳೆದರೆ ಅದಕ್ಕೆ ಏನೆನ್ನಬೇಕು?

ಹಾಗೆ ಕೇಳಲು ಕಾರಣವಿದೆ. ಎರಡನೇ ಮಹಾಯುದ್ಧದಲ್ಲಿ ಸುಮಾರು 12 ಲಕ್ಷ ಕರಿಯರು ಅಮೆರಿಕದ ಸಮವಸ್ತ್ರ ತೊಟ್ಟಿದ್ದರು. ಆ ಯುದ್ಧಕ್ಕಾಗಿ 400ಕ್ಕೂ ಹೆಚ್ಚು ಮೆಡಲ್ ಆಫ್ ಆನರ್ ಕೊಟ್ಟರು. ಕರಿಯರಿಗೆ ಒಂದೂ ಇಲ್ಲ. ಟ್ಯಾಂಕ್ ದಳದ ರೂಬೆನ್ ರಿವರ್ಸ್ 1944ರ ನವೆಂಬರಿನಲ್ಲಿ ಫ್ರಾನ್ಸಿನಲ್ಲಿ ಕಾಲಿಗೆ ಗಾಯವಾಗಿದ್ದರೂ ತುಕಡಿಯನ್ನು ಬಿಡದೆ ಕಾದಾಡಿ ಸತ್ತ. ಅವನ ಬಿಳಿಯ ಕ್ಯಾಪ್ಟನ್ ಡೇವಿಡ್ ವಿಲಿಯಮ್ಸ್ ತಾನು ಶಿಫಾರಸು ಮಾಡಿದ್ದೆನೆಂದು ದಶಕಗಳ ಕಾಲ ಹೇಳುತ್ತಲೇ ಇದ್ದ. ಆ ಕಾಗದ ಸಿಗಲೇ ಇಲ್ಲ. 1993ರಲ್ಲಿ ಸೈನ್ಯವೇ ಶಾ ವಿಶ್ವವಿದ್ಯಾಲಯದ ವಿದ್ವಾಂಸರಿಗೆ ಅಧ್ಯಯನ ಒಪ್ಪಿಸಿದ ಮೇಲೆ, 1997ರ ಜನವರಿ 13ರಂದು ಏಳು ಮಂದಿ ಕರಿಯರಿಗೆ ಪದಕ ಬಂತು. ಅವರಲ್ಲಿ ಜೀವಂತವಾಗಿದ್ದವನು ವೆರ್ನಾನ್ ಬೇಕರ್ ಒಬ್ಬನೇ. ಉಳಿದ ಆರು ಪದಕಗಳು ಸತ್ತವರ ಹೆಸರಿಗೆ ಬಂದವು.

ಜಪಾನಿ ಮೂಲದ ಅಮೆರಿಕನ್ನರ 442ನೇ ದಳದ ಕತೆಯೂ ಹೀಗೆಯೇ. ಆ ಹುಡುಗರಲ್ಲಿ ಎಷ್ಟೋ ಮಂದಿಯ ತಂದೆತಾಯಿಗಳನ್ನು ಸ್ವಂತ ಸರಕಾರವೇ ಮುಳ್ಳುತಂತಿಯ ಶಿಬಿರಗಳಲ್ಲಿ ಕೂಡಿಹಾಕಿತ್ತು. ಯುದ್ಧ ಮುಗಿದಾಗ ಆ ದಳಕ್ಕೆ ಸಿಕ್ಕ ಅತ್ಯುನ್ನತ ಪದಕ ಒಂದೇ ಒಂದು. 2000ದ ಜೂನ್‌ನಲ್ಲಿ, ಸಂಸತ್ತು ಆದೇಶಿಸಿದ ಮರುಪರಿಶೀಲನೆಯ ನಂತರ, ಅದೇ ದಳದ ಇನ್ನೂ 20 ಮಂದಿಗೆ ಆ ಪದಕ ಕೊಟ್ಟರು. ಒಂದು ಎಲ್ಲಿ, ಇಪ್ಪತ್ತೊಂದು ಎಲ್ಲಿ! ದಾಖಲೆಯಲ್ಲಿ ಬಿಟ್ಟುಹೋಗುವ ಸಾಲುಗಳು ಗಾಳಿಗೆ ಹಾರಿದ ಎಲೆಗಳಂತೆ ಎಲ್ಲೆಂದರಲ್ಲಿ ಬೀಳುವುದಿಲ್ಲ. ಅವು ಹೆಚ್ಚಾಗಿ ಒಂದೇ ಕಡೆ ಬೀಳುತ್ತವೆ.

ನನ್ನ ಓದುಗರಲ್ಲಿ ಹಲವರು ಇಲ್ಲಿ ಹುಬ್ಬು ಗಂಟಿಕ್ಕುತ್ತಾರೆ ಎಂದು ಬಲ್ಲೆ. ವಿಯೆಟ್ನಾಮಿನ ಹಳ್ಳಿಗಳನ್ನು ಸುಟ್ಟ ಸೈನ್ಯ ಅದು, ಇರಾಕನ್ನು ಹಾಳುಗೆಡವಿದ ಸೈನ್ಯ ಅದು, ಅದರ ಸಿಪಾಯಿಗಳ ಪದಕ ಕಟ್ಟಿಕೊಂಡು ನಮಗೇನು ಎಂಬ ಪ್ರಶ್ನೆ ಸಹಜ. ನಾನು ಆ ಯುದ್ಧಗಳ ವಕೀಲನಲ್ಲ. ಆದರೆ ಯುದ್ಧ ಸಾರಿದವರು ಯಾರು, ಅಲ್ಲಿಗೆ ಹೋದವರು ಯಾರು ಎಂಬ ವ್ಯತ್ಯಾಸವನ್ನು ಮರೆಯಬಾರದು. ಸಾರಿದವರ ಕಡತಗಳು ಕಳೆಯುವುದಿಲ್ಲ, ಅವರ ಹೆಸರಿನಲ್ಲಿ ಗ್ರಂಥಾಲಯಗಳೇ ಏಳುತ್ತವೆ. ಕಳೆಯುವುದು ಹೋದವರ ಕಾಗದ. ದಾಖಲೆ ನಿಜ ಹೇಳಬೇಕೆಂದು ಕೇಳುವುದು ಯುದ್ಧವನ್ನು ಹೊಗಳಿದಂತೆ ಅಲ್ಲ. ಸೈನಿಕನ ಗಾಯವನ್ನು ಬರೆಯದೆ ಬಿಡುವ ಸೈನ್ಯ, ತಾನು ಕೊಂದ ಹಳ್ಳಿಗರ ಲೆಕ್ಕವನ್ನು ನೆಟ್ಟಗೆ ಬರೆಯುತ್ತದೆಯೆ?

ಇನ್ನೊಂದು ಆಕ್ಷೇಪ ಕಚೇರಿಗಳ ಕಡೆಯಿಂದ ಬರುತ್ತದೆ. ಹೊರೆ ಇಳಿಸಿದರೆ ಸುಳ್ಳುಗಾರರು ನುಗ್ಗುತ್ತಾರೆ ಎಂಬುದು ಅವರ ವಾದ. ಗಳಿಸದ ಪದಕವನ್ನು ಎದೆಗೆ ಚುಚ್ಚಿಕೊಂಡು ತಿರುಗುವವರು ಅಲ್ಲಿದ್ದಾರೆ, ನಿಜ. ಅವರಿಗಾಗಿ 2006ರಲ್ಲಿ ಒಂದು ಕಾನೂನು ಬಂತು. 2012ರಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. 2013ರಲ್ಲಿ ಲಾಭಕ್ಕಾಗಿ ಹೇಳುವ ಸುಳ್ಳಿಗೆ ಮಾತ್ರ ಅನ್ವಯಿಸುವ ಇನ್ನೊಂದು ಕಾನೂನು ಬಂತು. ಆದರೆ ಸುಳ್ಳುಗಾರ ಅರ್ಜಿ ಹಿಡಿದು ಮಂಡಳಿಗೆ ಹೋಗುವುದಕ್ಕಿಂತ ಅಂಗಡಿಯಲ್ಲಿ ಪದಕ ಕೊಂಡುಕೊಳ್ಳುವುದೇ ಹೆಚ್ಚು. ಕಠಿಣ ನಿಯಮದಿಂದ ಅವನಿಗೆ ಆಗುವ ಅಡ್ಡಿ ಕಡಿಮೆ. ಬಾಗಿಲಲ್ಲಿ ನಿಂತು ಸೋಲುವವನು ಸುಳ್ಳು ಕಾಗದ ಹುಟ್ಟಿಸಲಾರದ ಪ್ರಾಮಾಣಿಕ. ದಾಖಲೆ ಪೂರ್ಣವಾಗಿದ್ದರೆ ಸುಳ್ಳು ತಾನಾಗಿ ಬಯಲಾಗುತ್ತದೆ. ದಾಖಲೆ ಹರಿದಿದ್ದರೆ ಮಾತ್ರ ಸುಳ್ಳಿಗೂ ನಿಜಕ್ಕೂ ಒಂದೇ ಬೆಲೆ.

ಸರಕಾರ ತಾನಾಗಿ ಮಾಡಬಹುದಾದದ್ದನ್ನೂ ಅರ್ಜಿಯ ಮೇಲೆ ಬಿಟ್ಟಿರುವುದಕ್ಕೆ ಒಂದು ಉದಾಹರಣೆ ಕೊಡುತ್ತೇನೆ. ಎರಡನೇ ಮಹಾಯುದ್ಧದಲ್ಲಿ ನೆಲದ ಮೇಲೆ ಕಾದಾಡಿ ಪದಾತಿ ಯೋಧರ ಬ್ಯಾಡ್ಜ್ ಗಳಿಸಿದವರೆಲ್ಲ ಬ್ರಾಂಜ್ ಸ್ಟಾರ್ ಪದಕಕ್ಕೂ ಅರ್ಹರೆಂದು 1947ರಲ್ಲಿ ತೀರ್ಮಾನವಾಯಿತು. ಯಾರಿಗೆ ಆ ಬ್ಯಾಡ್ಜ್ ಕೊಟ್ಟಿತ್ತೆಂಬುದನ್ನು ಬರೆದಿಟ್ಟುಕೊಂಡಿದ್ದು ಸೈನ್ಯವೇ. ಆದರೂ ಪಟ್ಟಿ ತೆಗೆದು ಅಂಚೆಯಲ್ಲಿ ಕಳಿಸಲಿಲ್ಲ. ಬೇಕಾದವರು ಅರ್ಜಿ ಹಾಕಿ ಎಂದಿತು. ಸುದ್ದಿ ತಲುಪದ ಹಳ್ಳಿಯ ರೈತ, ಗಣಿಯ ಕೂಲಿ, ಬರೆಯಲು ಹಿಂಜರಿಯುವವ ಹೇಗೆ ಅರ್ಜಿ ಹಾಕುತ್ತಾರೆ? ಅರ್ಜಿ ಹಾಕದವನ ಬ್ಯಾಡ್ಜ್ ಡ್ರಾಯರಿನಲ್ಲೇ ಉಳಿಯಿತು, ಪದಕ ಸರಕಾರದಲ್ಲೇ ಉಳಿಯಿತು.

ಹಕ್ಕು ಬೇರೆ, ಖೈರಾತು ಬೇರೆ. ಕೈ ಚಾಚಿದವನಿಗೆ ಮನಸ್ಸು ಬಂದಾಗ ಕೊಡುವುದು ಖೈರಾತು. ಕೇಳದೆಯೇ ತಲುಪಬೇಕಾದದ್ದು ಹಕ್ಕು. ಹಕ್ಕನ್ನು ಅರ್ಜಿಯ ರೂಪಕ್ಕೆ ಇಳಿಸಿ, ಐವತ್ತು ವರ್ಷ ಕಾಯಿಸಿ, ಕೊನೆಗೆ ಶ್ವೇತಭವನದಲ್ಲಿ ದೀಪ ಹಚ್ಚಿ, ಬ್ಯಾಂಡು ಬಾರಿಸಿ ಕೊಡುವಾಗ ಸರಕಾರ ತನ್ನ ಬೆನ್ನು ತಾನೇ ತಟ್ಟಿಕೊಳ್ಳುತ್ತದೆ. ಸಾಲಗಾರ ಸಾಲ ತೀರಿಸಿ ದಾನಿ ಎನಿಸಿಕೊಳ್ಳುವ ವಿದ್ಯೆ ಇದು.

ಉರ್ದುವಿನಲ್ಲಿ ಶಹಾದತ್ ಎಂಬ ಒಂದೇ ಪದಕ್ಕೆ ಎರಡು ಅರ್ಥಗಳಿವೆ. ಸಾಕ್ಷಿ ಹೇಳುವುದೂ ಶಹಾದತ್, ಸತ್ಯಕ್ಕಾಗಿ ಪ್ರಾಣ ಕೊಡುವುದೂ ಶಹಾದತ್. ಒಬ್ಬ ತನ್ನ ಮೈಯಿಂದಲೇ ಸಾಕ್ಷಿ ನುಡಿದ ಮೇಲೆ ಅವನಿಂದ ಇನ್ನೊಂದು ಸಾಕ್ಷಿ ಕೇಳುವುದು ಆ ಪದಕ್ಕೆ ಮಾಡುವ ಅವಮಾನ. ನಮ್ಮ ಕನ್ನಡ ನಾಡಿನಲ್ಲೂ ದನ ಕಾಯುತ್ತ, ಊರು ಕಾಯುತ್ತ ಸತ್ತವನಿಗೆ ಊರೇ ವೀರಗಲ್ಲು ನಿಲ್ಲಿಸುತ್ತಿತ್ತು. ಬೇಗೂರಿನ ಅಂಥ ಒಂದು ಕಲ್ಲಿನ ಮೇಲೆ ಸತ್ತವನ ಹೆಸರನ್ನು ಬರೆದಿದ್ದರಿಂದಲೇ ಒಂಬತ್ತನೇ ಶತಮಾನದ ಸುಮಾರಿಗೆ ಬೆಂಗಳೂರೆಂಬ ಹೆಸರಿತ್ತೆಂದು ನಮಗೆ ತಿಳಿದಿದೆ. ನೆನೆಯುವ ಹೊರೆ ಊರಿನದಾಗಿತ್ತು.

ತಿದ್ದಿದ ದಾಖಲೆಯನ್ನಾದರೂ ಉಳಿಸಿಕೊಳ್ಳುತ್ತಾರೆಯೆ? ಹೆನ್ರಿ ಜಾನ್ಸನ್ ಎಂಬ ಕರಿಯ ಸಿಪಾಯಿ 1918ರ ಮೇ ತಿಂಗಳ ಒಂದು ರಾತ್ರಿ ಫ್ರಾನ್ಸಿನಲ್ಲಿ ಕತ್ತಿ ಹಿಡಿದು ಜರ್ಮನ್ನರ ತಂಡವನ್ನು ಎದುರಿಸಿ, ಮೈತುಂಬ ಗಾಯ ಮಾಡಿಕೊಂಡು ಸಂಗಾತಿಯನ್ನು ಉಳಿಸಿದ. ಫ್ರೆಂಚರು ಪದಕ ಕೊಟ್ಟರು. ಸ್ವದೇಶ ಕೊಟ್ಟ ಬಿಡುಗಡೆ ಪತ್ರದಲ್ಲಿ ಅವನ ಗಾಯಗಳ ಪ್ರಸ್ತಾಪವೇ ಇರಲಿಲ್ಲ. 1929ರಲ್ಲಿ ಅವನು ಸತ್ತ. ಮೆಡಲ್ ಆಫ್ ಆನರ್ ಬಂದದ್ದು 2015ರಲ್ಲಿ. 2023ರಲ್ಲಿ ಲೂಸಿಯಾನಾದ ಒಂದು ಸೇನಾನೆಲೆಗೆ ಅವನ ಹೆಸರಿಟ್ಟರು. 2025ರಲ್ಲಿ ಆ ಹೆಸರನ್ನು ತೆಗೆದು ಹಳೆಯ ಪೋಕ್ ಎಂಬ ಹೆಸರನ್ನೇ ತಂದರು, ಈ ಪೋಕ್ ಬೇರೆಯವನು ಎಂಬ ಸಮಜಾಯಿಷಿಯೊಂದಿಗೆ. ಅದೇ ವರ್ಷದ ಮಾರ್ಚಿನಲ್ಲಿ 442ನೇ ದಳದ ಚರಿತ್ರೆಯ ಪುಟವನ್ನು ಸೈನ್ಯ ತನ್ನ ಜಾಲತಾಣದಿಂದ ತೆಗೆದುಹಾಕಿ, ಜನ ಕೂಗೆಬ್ಬಿಸಿದ ಮೇಲೆ ಮತ್ತೆ ಹಾಕಿತು. ಬರೆಯಲು ನೂರು ವರ್ಷ ಹಿಡಿಯಿತು, ಒರೆಸಲು ಒಂದು ಆದೇಶ ಸಾಕಾಯಿತು.

ಆದ್ದರಿಂದ ಕೇಳಬೇಕಾದದ್ದು ಕರುಣೆಯನ್ನಲ್ಲ, ನಿಯಮದ ಬದಲಾವಣೆಯನ್ನು. ಕಾಗದ ಕಳೆದದ್ದು ಸರಕಾರದ ಕೈಯಲ್ಲಿ ಎಂದಾದಾಗ ಅನುಮಾನದ ಲಾಭ ಸೈನಿಕನಿಗೆ ಸಿಗಬೇಕು. ಆಡಳಿತ ಸರಿಯಾಗಿಯೇ ನಡೆದಿತ್ತೆಂಬ ಊಹೆ, ಕಡತ ಸುಟ್ಟ ದಿನವೇ ಸುಟ್ಟುಹೋಯಿತೆಂದು ಮಂಡಳಿಗಳು ಒಪ್ಪಬೇಕು. ತನ್ನಲ್ಲೇ ಇರುವ ಪಟ್ಟಿಗಳನ್ನು ಸೈನ್ಯ ತಾನೇ ತೆರೆದು, ಅರ್ಹರ ಮನೆಬಾಗಿಲಿಗೆ ಹೋಗಬೇಕು. ಅದೂ ಬೇಗ ಆಗಬೇಕು. ಕೊರಿಯಾದಲ್ಲಿ ಕಾದಾಡಿದವರು ಈಗ ತೊಂಬತ್ತು ದಾಟಿದ್ದಾರೆ. ಅರ್ಜಿ ಇನ್ನೂ ಪರಿಶೀಲನೆಯಲ್ಲಿದೆ ಎಂಬ ಉತ್ತರ ಅವರ ಮನೆಗೆ ತಲುಪುವಷ್ಟರಲ್ಲಿ ಅದನ್ನು ತೆರೆದು ಓದುವವರು ಇರುವುದಿಲ್ಲ.