'ಮೆಂಬ್ರೇನ್ ಹೋಯ್ತು' ಅನ್ನುವ ಮೊದಲು

ಶುದ್ಧ ನೀರಿನ ಘಟಕಕ್ಕೆ ಬೀಗ. ಯಾಕೆ ಅಂತ ಕೇಳಿದರೆ ಉತ್ತರ ಒಂದೇ - "ಮೆಂಬ್ರೇನ್ ಹೋಯ್ತು ಸಾರ್." ಪಾವಗಡ, ಬಾಗೇಪಲ್ಲಿ, ಮುಂಡರಗಿಯಂಥ ಫ್ಲೋರೈಡ್ ಸೀಮೆಯವರಿಗೆ ಈ ಮಾತು ಹೊಸತಲ್ಲ.

ಮೆಂಬ್ರೇನ್ ತಾನಾಗಿ ಹೋಗೋದು ಕಡಿಮೆ. ಬಹಳ ಸಲ ನಾವೇ ಅದನ್ನು ಕಳಿಸಿರುತ್ತೇವೆ. ನಮ್ಮೂರಲ್ಲಿ ಹಾಗೆ ಕಳಿಸಿದವರಲ್ಲಿ ನಾನೂ ಒಬ್ಬ.

ಉಳಿಸಲು ಹೋಗಿ ಕೆಡಿಸಿದೆವು

ಘಟಕ ಶುರುವಾದಾಗ ಹೊರಬೀಳುವ ರಿಜೆಕ್ಟ್ ನೀರು ಕಂಡು ನಮಗೆಲ್ಲ ಹೊಟ್ಟೆ ಉರಿಯಿತು. ಅಷ್ಟು ಆಳದಿಂದ ಎತ್ತಿದ ನೀರಿನಲ್ಲಿ ಅರ್ಧ ಮೋರಿಗೆ! "ಆ ವಾಲ್ವ್ ಸ್ವಲ್ಪ ತಿರುಗಿಸಯ್ಯಾ" ಅಂತ ಆಪರೇಟರ್ ಹುಡುಗನಿಗೆ ಗದರಿದೆವು. ತಿರುಗಿಸಿದ. ಒಳ್ಳೆ ನೀರು ಹೆಚ್ಚಾಯಿತು, ಮೋರಿ ಒಣಗಿತು. ಹುಡುಗನಿಗೆ ಶಹಭಾಸ್‌ಗಿರಿ. ಕೆಲವೇ ತಿಂಗಳಲ್ಲಿ ಕೊಡ ತುಂಬಲು ಎರಡರಷ್ಟು ಹೊತ್ತು ಹಿಡಿಯಿತು. ಆಮೇಲೆ ಬೀಗ.

ಲೆಕ್ಕ ಸರಳ. ಮೆಂಬ್ರೇನ್ ಅಂದರೆ ನೀರನ್ನು ದಾಟಿಸಿ ಉಪ್ಪನ್ನು ತಡೆಯುವ ಪೊರೆ. 1000 ಲೀಟರಿನಲ್ಲಿ 500 ಲೀಟರ್ ಒಳ್ಳೆ ನೀರು ತೆಗೆದರೆ ಉಳಿದದ್ದರಲ್ಲಿ ಲವಣ ಸುಮಾರು ಎರಡು ಪಟ್ಟು. 750 ತೆಗೆದರೆ ಉಳಿದ 250ರಲ್ಲಿ ನಾಲ್ಕು ಪಟ್ಟು. ಅಷ್ಟು ಗಡಸಾದಾಗ ಸುಣ್ಣ ಕರಗಿರಲಾರದೆ ಪೊರೆಯ ಮೇಲೆ ಕೂರುತ್ತದೆ. ನೀರು ಕಾಯಿಸುವ ಹಂಡೆಯೊಳಗೆ ಬಿಳಿ ಕಟ್ಟುವ ಹಾಗೆ. ನಾವು ಪೋಲು ಅಂದುಕೊಂಡ ನೀರೇ ಪೊರೆಯನ್ನು ತೊಳೆಯುತ್ತಿತ್ತು. ಆ ನೀರನ್ನು ಪಾತ್ರೆ ತೊಳೆಯಲು, ಕಕ್ಕಸಿಗೆ ಬಳಸಬಹುದಿತ್ತು. ವಾಲ್ವ್ ಮುಟ್ಟಬಾರದಿತ್ತು.

ಡ್ರಿಪ್ ಕಲಿಸಿದ ಪಾಠ

ತಮಾಷೆ ಎಂದರೆ, ಇದೆಲ್ಲ ನಮಗೆ ತೋಟದಲ್ಲಿ ಗೊತ್ತು. ಡ್ರಿಪ್ಪರಿಗೆ ಸುಣ್ಣ ಕಟ್ಟಿದರೆ ಆಸಿಡ್ ಬಿಡುತ್ತೇವೆ. ಪಾಚಿಗೆ ಕ್ಲೋರಿನ್. ಲ್ಯಾಟರಲ್ಲಿನ ತುದಿ ಬಿಚ್ಚಿ ಕೊಳೆ ಹೊರಡಿಸುತ್ತೇವೆ. ಸ್ಯಾಂಡ್ ಫಿಲ್ಟರನ್ನು ಹಿಂದುಮುಂದಾಗಿ ತೊಳೆಯುತ್ತೇವೆ. ಕುಡಿಯುವ ನೀರಿನ ಯಂತ್ರಕ್ಕೆ ಮಾತ್ರ ಏನೂ ಬೇಡವೇ?

ಬೇಕು. ಮರಳಿನ ಫಿಲ್ಟರ್ ಹೊತ್ತಿಗೆ ಸರಿಯಾಗಿ ತೊಳೆಯಬೇಕು. 5 ಮೈಕ್ರಾನಿನ ಕಾರ್ಟ್ರಿಜ್ ಕಟ್ಟಿಕೊಂಡಾಗ ಬದಲಿಸಬೇಕು. ಸುಣ್ಣ ಕೂರದಂತೆ ತಡೆಯುವ ಆಂಟಿಸ್ಕೇಲಂಟ್ ಕ್ಯಾನು ಖಾಲಿಯಾದರೂ ಅದರ ಪಂಪು ಟಿಕ್ ಟಿಕ್ ಅನ್ನುತ್ತಲೇ ಇರುತ್ತದೆ. ಸದ್ದು ನಂಬಬೇಡಿ, ಕ್ಯಾನು ನೋಡಿ. ಕರೆಂಟಿಲ್ಲದೆ ದಿನಗಟ್ಟಲೆ ನಿಂತರೆ ಒಳಗೆ ಲೋಳೆ ಬೆಳೆಯುತ್ತದೆ. ನಿಲ್ಲಿಸುವ ಮೊದಲು ಒಳ್ಳೆ ನೀರು ಹಾಯಿಸಿ ತೊಳೆಯುವುದು ಒಳ್ಳೆಯದು. ಒಂದು ಕಡೆ ಮಾತ್ರ ಡ್ರಿಪ್ಪಿನ ಪಾಠ ಉಪಯೋಗಕ್ಕಿಲ್ಲ. ಈಗಿನ ಪಾಲಿಅಮೈಡ್ ಪೊರೆಯನ್ನು ಕ್ಲೋರಿನ್ ತಿಂದುಹಾಕುತ್ತದೆ. ಬ್ಲೀಚಿಂಗ್ ಪುಡಿ ಹಾಕಿದ ನೀರನ್ನು ನೇರ ಬಿಡಬಾರದು.

ಒಳ್ಳೆ ನೀರು ಶೇಕಡ 10-15 ಇಳಿದಾಗಲೇ ರಾಸಾಯನಿಕ ತೊಳೆತ ಆಗಬೇಕು. ಸುಣ್ಣ, ಕಬ್ಬಿಣಕ್ಕೆ ಸಿಟ್ರಿಕ್ ಆಮ್ಲ; ಲೋಳೆಗೆ ಕ್ಷಾರ. ಎರಡೂ ಇದ್ದರೆ ಸಾಮಾನ್ಯವಾಗಿ ಕ್ಷಾರ ಮೊದಲು. ತಿಳಿದವರೇ ಮಾಡಲಿ. ಅರ್ಧಕ್ಕಿಳಿಯುವ ತನಕ ಕಾದರೆ ತೊಳೆದರೂ ಪೂರ್ತಿ ಮರಳುವ ಭರವಸೆ ಇಲ್ಲ.

ಕಣ್ಣಿಗೆ ಕಾಣದ ಅಪಾಯ

ಕಟ್ಟಿದ ಪೊರೆ ನೀರು ಕಮ್ಮಿ ಕೊಟ್ಟು ಹೇಳಿಕೊಳ್ಳುತ್ತದೆ. ಹರಿದ ಪೊರೆ ಏನೂ ಹೇಳುವುದಿಲ್ಲ. ನೀರು ಥಳಥಳ, ಫ್ಲೋರೈಡ್ ಹಾಗೇ. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ನಮ್ಮ ದೇಶದ ಮಾನದಂಡ. ಅದಕ್ಕೆ ನಾಲಿಗೆಯಲ್ಲಿ ರುಚಿಯಿಲ್ಲ. ಮಕ್ಕಳ ಹಲ್ಲು ಕಲೆಗಟ್ಟಿದ ಮೇಲೆ ಗೊತ್ತಾಗಿ ಫಲವೇನು? ಸಣ್ಣ ಟಿಡಿಎಸ್ ಮೀಟರ್ ಫ್ಲೋರೈಡನ್ನು ಅಳೆಯದು, ನಿಜ. ಆದರೆ ಒಳ್ಳೆ ನೀರಿನ ಅಂಕಿ ದಿನೇ ದಿನೇ ಏರುತ್ತಿದ್ದರೆ ಅದು ಎಚ್ಚರಿಕೆ. ಆಗ ಪ್ರಯೋಗಾಲಯಕ್ಕೆ ಕಳಿಸಬೇಕು.

ನನ್ನ ದೂರು ಇಷ್ಟೆ. ಯಂತ್ರ ಕೂರಿಸಲು ದುಡ್ಡಿದೆ, ತೊಳೆಯಲು ಇಲ್ಲ. ಉದ್ಘಾಟನೆಗೆ ಶಾಮಿಯಾನ ಹಾಕುತ್ತಾರೆ, ಆಪರೇಟರಿಗೆ ಎರಡು ದಿನದ ತರಬೇತಿ ಕೊಡುವುದಿಲ್ಲ. ಗುತ್ತಿಗೆದಾರನಿಗೆ ಯಂತ್ರ ನಿಲ್ಲಿಸಿದ್ದಕ್ಕಲ್ಲ, ಒಳ್ಳೆ ನೀರು ಬಂದ ದಿನಗಳಿಗೆ ಹಣ ಸಿಗಲಿ. ಕೊಡದ ಕಾಸಿನಲ್ಲಿ ಒಂದು ಪಾಲು ತೊಳೆಯುವ ಖರ್ಚಿಗೇ ಮೀಸಲಿರಲಿ.

ಮತ್ತು ಗೋಡೆಗೆ ಒಂದು ನೋಟ್‌ಬುಕ್ ತೂಗುಹಾಕಿ. ದಿನಾ ನಾಲ್ಕು ಅಂಕಿ: ಒಳ್ಳೆ ನೀರೆಷ್ಟು, ರಿಜೆಕ್ಟ್ ಎಷ್ಟು, ಒತ್ತಡವೆಷ್ಟು, ಟಿಡಿಎಸ್ ಎಷ್ಟು. ಹಾಲಿನ ಡೇರಿಯಲ್ಲಿ ಲೀಟರ್, ಫ್ಯಾಟು ಬರೆಸಿಕೊಳ್ಳದೆ ಮನೆಗೆ ಬರುತ್ತೇವೆಯೇ? ಮಕ್ಕಳು ಕುಡಿಯುವ ನೀರಿಗೂ ಅಷ್ಟು ಲೆಕ್ಕ ಇರಲಿ. ಮುಂದಿನ ಗ್ರಾಮಸಭೆಯಲ್ಲಿ ಎದ್ದು ನಿಂತು ಕೇಳಿ - "ಆ ಪುಸ್ತಕ ಎಲ್ಲಿ?"