ಸಿಪಾಯಿಯ ದುಡಿಮೆ, ಕಾಲೇಜಿನ ಲೆಕ್ಕ



ಊರಿನಲ್ಲಿ ಓದು ನಿಲ್ಲಿಸಿದ ನಮ್ಮ ತಮ್ಮಂದಿರೆಲ್ಲ ಮುಂಬಯಿಯ ಗಾಡಿಯನ್ನೇ ಹತ್ತುವುದಿಲ್ಲ. ಕೆಲವರು ಸೈನ್ಯದ ಭರ್ತಿಗೆ ಹೋಗುತ್ತಾರೆ. 2022ರ ಅಗ್ನಿಪಥ ಯೋಜನೆಯಂತೆ ಸೇರಿದವನಿಗೆ ನಾಲ್ಕು ವರ್ಷದ ನೌಕರಿ. ಅನಂತರ ಖಾಯಂ ಆಗುವವರು ನೂರಕ್ಕೆ 25ರವರೆಗೆ ಎಂದು ಯೋಜನೆ ಹೊರಟಾಗಲೇ ಸಾರಿದ್ದರು. ಮಿಕ್ಕವರು ಪೆಟ್ಟಿಗೆ ಹೊತ್ತು ಹೊರಗೆ. ಹರೆಯವನ್ನು ಅಲ್ಲಿ ಕೊಟ್ಟು ಬಂದವನನ್ನು ‘ಡಿಗ್ರಿ ಎಲ್ಲಿ?’ ಎಂದು ಕೇಳಿದರೆ ಏನು ತೋರಿಸಬೇಕು?

ಅದೇ ವರ್ಷ ಇದಕ್ಕೊಂದು ದಾರಿ ತೆರೆದರು. ಇಂದಿರಾ ಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾಲಯದ ಮೂಲಕ ಅಗ್ನಿವೀರರಿಗೆಂದೇ ಮೂರು ವರ್ಷದ ಪದವಿ. ಬೇಕಾದ ಕ್ರೆಡಿಟ್‌ಗಳಲ್ಲಿ ಅರ್ಧ, ಸೈನ್ಯದಲ್ಲಿ ಪಡೆದ ತರಬೇತಿಯಿಂದಲೇ ಸಿಗುತ್ತವೆ. ಇನ್ನರ್ಧಕ್ಕೆ ಭಾಷೆ, ಇತಿಹಾಸ, ಅರ್ಥಶಾಸ್ತ್ರ, ಕೃಷಿ ಮುಂತಾದವುಗಳಲ್ಲಿ ಬೇಕಾದುದನ್ನು ಓದಬೇಕು. ನಡುವೆ ಬಿಟ್ಟರೂ ಪೂರಾ ನಷ್ಟವಿಲ್ಲ. ಒಂದು ವರ್ಷಕ್ಕೆ ಸರ್ಟಿಫಿಕೇಟು, ಎರಡಕ್ಕೆ ಡಿಪ್ಲೊಮಾ.

ಅಮೆರಿಕದಲ್ಲಿ ಈ ಪದ್ಧತಿ ಎರಡನೆಯ ಮಹಾಯುದ್ಧದ ಕಾಲದ್ದು. ಅಮೆರಿಕನ್ ಕೌನ್ಸಿಲ್ ಆನ್ ಎಜುಕೇಷನ್ ಎಂಬ ಸಂಸ್ಥೆ ಸೈನ್ಯದ ತರಬೇತಿಗಳನ್ನು ತೂಗಿ ನೋಡಿ, ಇಂಥದ್ದಕ್ಕೆ ಇಷ್ಟು ಕ್ರೆಡಿಟ್ ಎಂದು ಶಿಫಾರಸು ಮಾಡುತ್ತದೆ. ಶಿಫಾರಸು ಮಾತ್ರ, ಒಪ್ಪುವುದು ಬಿಡುವುದು ಆಯಾ ಕಾಲೇಜಿನ ಇಷ್ಟ. ಆದ್ದರಿಂದ ಭರ್ತಿಯಾಗುವ ಹುಡುಗರಿಗೆ ಹೇಳಿ: ಕಲಿತ ಪ್ರತಿಯೊಂದರ ಕಾಗದವನ್ನೂ ಜೋಪಾನ ಮಾಡಲಿ, ಹೆಸರು ದಾಖಲಿಸುವ ಮೊದಲೇ ಎಲ್ಲವನ್ನೂ ಕೇಳಿಕೊಳ್ಳಲಿ.

ಅಲ್ಲಿ ಸೈನ್ಯದ ಅಡಿಗೆಯವನ ತರಬೇತಿಗೂ ಕ್ರೆಡಿಟ್ ಉಂಟು. ಇದನ್ನು ತಿಳಿದಾಗ ನನಗೆ ನಗುವೂ ಬಂತು, ಹೊಟ್ಟೆಯುರಿಯೂ ಆಯಿತು. ಹಗಲೆಲ್ಲ ತಟ್ಟೆ ತೊಳೆದು ರಾತ್ರಿ ಶಾಲೆಯ ಬೆಂಚಿನ ಮೇಲೆ ತೂಕಡಿಸಿದವನು ನಾನು. ಏಳನೆಯದು ದಾಟಿ ಮುಂದೆ ಸಾಗಲಿಲ್ಲ. ನೂರಾರು ಜನಕ್ಕೆ ಹದ ತಪ್ಪದೆ ಸಾಂಬಾರು ಇಳಿಸುವ ನಮ್ಮ ಭಟ್ಟರ ವಿದ್ಯೆಗೆ ಯಾವ ಕಾಲೇಜು ಅಂಕ ಕೊಟ್ಟಿದೆ?

2023ರ ರಾಷ್ಟ್ರೀಯ ಕ್ರೆಡಿಟ್ ಚೌಕಟ್ಟಿನಲ್ಲಿ 30 ಗಂಟೆಯ ಕಲಿಕೆಗೆ ಒಂದು ಕ್ರೆಡಿಟ್. ಕೆಲಸದ ಅನುಭವವನ್ನೂ ಪರೀಕ್ಷಿಸಿ ಲೆಕ್ಕಕ್ಕೆ ಹಿಡಿಯಬಹುದು ಎಂದಿದೆ. ಆದರೆ ಸಿಪಾಯಿಯ ಅನುಭವಕ್ಕೆ ಸರಕಾರದ ಮೊಹರು ಇದೆ. ನಮ್ಮದಕ್ಕೆ? ನಾನು ಕೆಲಸ ಬಿಟ್ಟ ದಿನ ‘ಇಷ್ಟು ವರ್ಷ ಇದ್ದ’ ಎಂದು ಬರೆದುಕೊಡಿ ಎಂದು ಧಣಿಗಳನ್ನು ಕೇಳಿದೆ. ಅವರು ಗಲ್ಲಾದಿಂದ ತಲೆ ಎತ್ತಲಿಲ್ಲ. ಇಂದು ದುಡಿಯುತ್ತಿರುವವರು ಕೆಲಸದಲ್ಲಿರುವಾಗಲೇ ಆ ಚೀಟಿಯನ್ನು ಕೇಳಿ ಪಡೆಯಿರಿ. ಕೊಡದಿದ್ದರೆ ಸಂಘಕ್ಕೆ ತಿಳಿಸಿ. ನಾವು ಜೊತೆಗೆ ಬರುತ್ತೇವೆ.